‘ಜುಲೈ ಹದಿನಾಲ್ಕು’: ನೆರಳಿನಲ್ಲುಳಿದ ಒಂದು ವಾಕ್ಚಿತ್ರ

ಮಹಾಕವಿಯ ಸಣ್ಣ ಕೃತಿಗೆ ಒದಗುವ ದುರದೃಷ್ಟವೊಂದುಂಟು. ದೊಡ್ಡ ಕೃತಿಗಳ ನೆರಳಿನಲ್ಲಿ ಅದು ಮಂಕಾಗುತ್ತದೆ; ಅದನ್ನು ಹೆಸರಿಸುವವರು ಹಲವರು, ಓದುವವರು ಕೆಲವರು. ಚಲಚ್ಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ಫ್ರಾನ್ಸಿನ ರೆನೆ ಕ್ಲೇರನು 1933ರ ಜನವರಿಯಲ್ಲಿ ಹೊರತಂದ ‘ಜುಲೈ ಹದಿನಾಲ್ಕು’ ಎಂಬ ಪ್ರಣಯವಿನೋದದ ಚಿತ್ರವು ಇದಕ್ಕೆ ನಿದರ್ಶನ. ‘ಪ್ಯಾರಿಸಿನ ಮಾಡುಗಳ ಕೆಳಗೆ’ (1930), ‘ದಶಲಕ್ಷ’ (1931), ‘ಸ್ವಾತಂತ್ರ್ಯ ನಮಗಿರಲಿ’ (1931) ಎಂಬ ಅವನ ಮೂರು ವಾಕ್ಚಿತ್ರಗಳನ್ನು ಚರಿತ್ರಕಾರರು ಕೊಂಡಾಡುತ್ತಾರೆ. ನಾಲ್ಕನೆಯದಾದ ಇದನ್ನು ಮೊದಲನೆಯದರ ಪುನರುಕ್ತಿಯೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರುಂಟು. ಆ ತೀರ್ಪು ನ್ಯಾಯವಾದುದಲ್ಲವೆಂದು ನನ್ನ ಅಭಿಪ್ರಾಯ.

1789ರಲ್ಲಿ ಬಾಸ್ತೀಯ್ ಸೆರೆಮನೆ ಜನರ ಕೈಗೆ ಬಿದ್ದ ದಿನವು 1880ರಿಂದ ಫ್ರಾನ್ಸಿನ ರಾಷ್ಟ್ರೀಯ ಹಬ್ಬವಾಗಿದೆ. ಕಥೆಯು ಆ ಹಬ್ಬದ ಮುನ್ನಾದಿನ, ಬಡವರ ಕೇರಿಯೊಂದರಲ್ಲಿ ಆರಂಭವಾಗುತ್ತದೆ. ಆನ್ನಾ ಹೂ ಮಾರುವ ಹುಡುಗಿ. ಜಾನ್ ಬಾಡಿಗೆ ಕಾರಿನ ಚಾಲಕ. ಇಬ್ಬರ ಕಿಟಕಿಗಳೂ ಎದುರುಬದುರು. ಬೀದಿಯ ವಾದ್ಯಕ್ಕೆ ಕುಣಿಯುತ್ತಿರುವಾಗ ಮಳೆ ಬರುತ್ತದೆ. ಬಾಗಿಲೊಂದರ ಮರೆಯಲ್ಲಿ ನಿಂತ ಇಬ್ಬರಿಗೂ ಪ್ರೇಮ ಮೂಡುತ್ತದೆ. ಅಷ್ಟರಲ್ಲಿ ಜಾನನ ಹಳೆಯ ಪ್ರೇಯಸಿ ಪೋಲಾ ಅವನ ಕೋಣೆಗೆ ಮರಳಿರುವುದು ಆನ್ನಾಳ ಕಣ್ಣಿಗೆ ಬೀಳುತ್ತದೆ. ಮುನಿಸು ಅಗಲಿಕೆಯಾಗುತ್ತದೆ. ಆನ್ನಾಳ ತಾಯಿ ತೀರಿಕೊಳ್ಳುತ್ತಾಳೆ. ಜಾನನು ಕಳ್ಳರ ಸಹವಾಸಕ್ಕೆ ಬೀಳುತ್ತಾನೆ. ಕೊನೆಗೊಂದು ದಿನ ಅವನ ಕಾರು ಅವಳ ಹೂವಿನ ಗಾಡಿಗೆ ತಾಕುತ್ತದೆ. ಜನ ನೆರೆದು ವಾಗ್ವಾದ ಬೆಳೆಯುತ್ತಿರುವಾಗ ಮತ್ತೆ ಮಳೆ! ಜನರೆಲ್ಲ ಚದುರುತ್ತಾರೆ; ಇವರಿಬ್ಬರು ಉಳಿಯುತ್ತಾರೆ. ಮಳೆ ಬಂದರೆ ಕೇಡಿಲ್ಲವೆಂಬ ನಮ್ಮ ಗಾದೆ ಇಲ್ಲಿಯೂ ನಿಜವಾಯಿತು.

ಇದು ಪುನರುಕ್ತಿಯೆ? ಪೋಲಾ ಇಲ್ಲೆರಿ ಎಂಬ ನಟಿ ಮೊದಲ ಚಿತ್ರದಲ್ಲಿ ಪೋಲಾ ಎಂಬ ಹೆಸರಿನಲ್ಲಿಯೇ ನಾಯಿಕೆಯಾಗಿದ್ದಳು. ಇಲ್ಲಿ ಅದೇ ನಟಿ, ಅದೇ ಹೆಸರಿನಲ್ಲಿ, ಹೊಸ ಪ್ರೇಮವನ್ನು ಕೆಡಿಸಲು ಬರುವ ಹಳೆಯ ನೆನಪಾಗಿದ್ದಾಳೆ. ಅಲ್ಲಿ ನಾಯಕನು ತನ್ನವಳನ್ನು ಗೆಳೆಯನಿಗೆ ಬಿಟ್ಟುಕೊಟ್ಟು ಒಂಟಿಯಾಗುತ್ತಾನೆ. ಇಲ್ಲಿ ಕಳೆದುಕೊಂಡವನು ಮರಳಿ ಪಡೆಯುತ್ತಾನೆ. ಆದುದರಿಂದ ಇದು ಮೊದಲನೆಯದರ ಪ್ರತಿಧ್ವನಿಯಲ್ಲ, ಅದಕ್ಕೆ ಕೊಟ್ಟ ಉತ್ತರವೆಂದು ನನಗೆ ತೋರುತ್ತದೆ.

ಧ್ವನಿಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಚಿತ್ರಗಳು ಮಾತನಾಡತೊಡಗಿದಾಗ ಕ್ಲೇರನು ಹಿಗ್ಗಲಿಲ್ಲ. ರಂಗದ ಸಂಭಾಷಣೆಯೇ ತೆರೆಯನ್ನು ಆಕ್ರಮಿಸೀತೆಂದು ಅಂಜಿದನು. ಆದರೂ 1929ರಲ್ಲಿ ಅಮೆರಿಕದ ‘ಬ್ರಾಡ್‌ವೇ ಮೆಲಡಿ’ಯನ್ನು ಕಂಡು ಒಂದು ಸೂಕ್ಷ್ಮವನ್ನು ಮೆಚ್ಚಿದನು: ಕಾರು ಹೊರಟ ಸದ್ದು ಮಾತ್ರ ಕೇಳಿಸುತ್ತದೆ, ನಮಗೆ ಕಾಣುವುದು ಕಿಟಕಿಯಲ್ಲಿ ನಿಂತವಳ ಮುಖ. ಕಣ್ಣು ಕಂಡುದನ್ನೇ ಕಿವಿಗೆ ಮತ್ತೆ ಹೇಳಬೇಕಾಗಿಲ್ಲವೆಂಬ ಈ ವಿವೇಕವೇ ‘ಜುಲೈ ಹದಿನಾಲ್ಕ’ರಲ್ಲಿ ಪಕ್ವವಾಗಿದೆ. ಪಾತ್ರಗಳು ಮಿತವಾಗಿ ಮಾತನಾಡುತ್ತವೆ. ಉಳಿದುದನ್ನು ಮೋರೀಸ್ ಜೋಬೇರನ ಸಂಗೀತವೂ ಅನಬೆಲ್ಲಳ ಮುಖವೂ ಹೇಳುತ್ತವೆ.

ಇನ್ನು ಚರಿತ್ರೆಯ ಮಾತು. ಈ ಬೀದಿ ಪ್ಯಾರಿಸಿನಲ್ಲಿ ಎಂದೂ ಇರಲಿಲ್ಲ. ಲಾಜಾರ್ ಮೀರ್ಸನ್ ಅದನ್ನು ಎಪಿನೇ ಊರಿನ ಚಿತ್ರಶಾಲೆಯಲ್ಲಿ ನಿರ್ಮಿಸಿದನು. ಆ ಚಿತ್ರಶಾಲೆಯನ್ನು ನಡೆಸುತ್ತಿದ್ದುದು ಟೋಬಿಸ್ ಎಂಬ ಜರ್ಮನ್ ಸಂಸ್ಥೆ. ಚಿತ್ರ ತೆರೆಗೆ ಬಂದ ತಿಂಗಳಿನಲ್ಲಿಯೇ ಹಿಟ್ಲರನು ಜರ್ಮನಿಯ ಪ್ರಧಾನಿಯಾದನು. 1934ರಲ್ಲಿ ಮುಂದಿನ ಚಿತ್ರ ಸೋತಮೇಲೆ ಕ್ಲೇರನು ಇಂಗ್ಲೆಂಡಿಗೆ ಹೋದನು. ಮೀರ್ಸನ್ 1938ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. 1940ರ ಜೂನಿನಲ್ಲಿ ಜೋಬೇರನು ಯುದ್ಧದಲ್ಲಿ ಮಡಿದನು. ಅದೇ ತಿಂಗಳ 14ರಂದು ಜರ್ಮನ್ ಸೈನ್ಯ ಪ್ಯಾರಿಸನ್ನು ಹೊಕ್ಕಿತು. ಸರಿಯಾಗಿ ಒಂದು ತಿಂಗಳಿಗೆ ಬಂದ ಹಬ್ಬದಂದು ಆ ನಗರದ ಬೀದಿಗಳಲ್ಲಿ ಕುಣಿತವಿರಲಿಲ್ಲ.

ಕ್ಲೇರನಿಗೆ ಇದಾವುದೂ ಮುಂಚಿತವಾಗಿ ತಿಳಿದಿರಲಿಲ್ಲ. ಅವನು ಭವಿಷ್ಯವನ್ನು ನುಡಿದವನಲ್ಲ. ಬಡವರ ಒಂದು ಸಂಜೆಯನ್ನು ಪ್ರೀತಿಯಿಂದ ನೋಡಿದವನು, ಅಷ್ಟೆ. ಸಾಮ್ರಾಜ್ಯಗಳ ಏಳುಬೀಳನ್ನು ಬರೆದಿಡಲು ಚರಿತ್ರಕಾರರಿದ್ದಾರೆ. ಸಾಮಾನ್ಯ ಜನರು ಹಬ್ಬದ ರಾತ್ರಿ ಹೇಗೆ ನಕ್ಕರು, ಹೇಗೆ ಮುನಿದರು ಎಂಬುದನ್ನು ಬರೆದಿಡುವವರು ವಿರಳ. ಆ ಕೆಲಸವನ್ನು ಈ ಸಣ್ಣ ಚಿತ್ರ ಮಾಡಿದೆ. ದೊರೆತಾಗ ಸಹೃದಯರು ಇದನ್ನು ಒಮ್ಮೆ ನೋಡಬೇಕು.