ಕಪೂರ್, ಆರ್. ಎಲ್. ಮತ್ತು ಕರ್ನಾಟಕದ ಗ್ರಾಮೀಣ ಮನೋರೋಗ ಸಂಶೋಧನೆ

ಸ್ಕಿಜೋಫ್ರೀನಿಯ, ಉನ್ಮಾದ, ಗಾಢ ಖಿನ್ನತೆ ಮೊದಲಾದ ತೀವ್ರ ಮನೋವ್ಯಾಧಿಗಳನ್ನು ಆಸ್ಪತ್ರೆಯ ಪ್ರಾಕಾರದೊಳಗೆ ಮಾತ್ರವಲ್ಲದೆ ರೋಗಿಯು ಹುಟ್ಟಿ ಬೆಳೆದ ಊರಿನಲ್ಲಿ, ಅವನ ಮನೆಯ ಪಡಸಾಲೆಯಲ್ಲಿಯೇ ಅಭ್ಯಸಿಸಬೇಕೆಂಬ ವಿಚಾರವನ್ನು ಕನ್ನಡ ನಾಡಿನಲ್ಲಿ ಕಾರ್ಯರೂಪಕ್ಕೆ ತಂದವರಲ್ಲಿ ಮನೋವೈದ್ಯ ರವೀಂದರ್ ಲಾಲ್ ಕಪೂರ್ ಅವರು ಅಗ್ರಗಣ್ಯರು.

ಅವರಿಗಿಂತ ಹಿಂದಿನ ಸಂಶೋಧನೆಯು ಬಹುಮಟ್ಟಿಗೆ ಆಸ್ಪತ್ರೆಗಳ ಸಂಶೋಧನೆಯೇ ಆಗಿದ್ದಿತು. ಮೈಸೂರು ಸಂಸ್ಥಾನಕ್ಕೆ ಸೇರಿದ ಬೆಂಗಳೂರಿನ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರು ಪಡೆಯಿತು, 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅದರೊಡನೆ ತಲೆಯೆತ್ತಿತು; ಎರಡೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆದುವು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಯವರಿಗೆ ಹತ್ತಿರದ ಆಶ್ರಯವೆಂದರೆ ಧಾರವಾಡದ ಮಾನಸಿಕ ಆಸ್ಪತ್ರೆ. ಮುದ್ದೇಬಿಹಾಳದ ಕಡೆಯಿಂದ ಕೃಷ್ಣೆಯನ್ನು ದಾಟಿ ಅಷ್ಟು ದೂರ ರೋಗಿಯನ್ನು ಕರೆದೊಯ್ಯುವುದು ಬಡ ಒಕ್ಕಲಿಗನಿಗೆ ಸಾಮಾನ್ಯ ಕಾರ್ಯವಾಗಿರಲಿಲ್ಲ. ಹೀಗೆ ಕರೆತರಲ್ಪಟ್ಟವರು ಮಾತ್ರ ಶಾಸ್ತ್ರದ ಕಣ್ಣಿಗೆ ಬಿದ್ದು, ಮನೆಯ ಮೂಲೆಯಲ್ಲಿ ಮೌನವಾಗಿ ಕುಳಿತವರೂ ಊರೂರು ಅಲೆಯುವವರೂ ಲೆಕ್ಕದ ಹೊರಗೆ ಉಳಿದರು.

ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿದ್ದ ಕಪೂರ್ ಅವರು ಎಡಿನ್‌ಬರೋದ ಪ್ರಾಧ್ಯಾಪಕ ಜಿ. ಮಾರಿಸ್ ಕಾರ್‌ಸ್ಟೇರ್ಸ್ ಅವರೊಡಗೂಡಿ ಈ ಕೊರತೆಯನ್ನು ತುಂಬಲು ಆರಿಸಿಕೊಂಡ ಕ್ಷೇತ್ರ ಆಗಿನ ದಕ್ಷಿಣ ಕನ್ನಡದ ಕೋಟ, ಶಿವರಾಮ ಕಾರಂತರು ಹುಟ್ಟಿದ ಊರು. ಅಲ್ಲಿನ ಬ್ರಾಹ್ಮಣರು ತಂದೆಯ ವಂಶವನ್ನು ಅನುಸರಿಸುವವರು. ಬಂಟರೂ ಮೊಗವೀರರೂ ತಾಯಿಯ ಕಡೆಯಿಂದ ಆಸ್ತಿ ಹರಿದುಬರುವ ಅಳಿಯ ಸಂತಾನದವರು, ಆ ಕಟ್ಟಳೆಯೂ ಆಗಲೇ ಸಡಿಲವಾಗತೊಡಗಿದ್ದಿತು. ಕುಲದ ಕಟ್ಟು ಬದಲಾಗುವಾಗ ಮನಸ್ಸಿನ ಸ್ವಾಸ್ಥ್ಯಕ್ಕೆ ಏನಾಗುವುದೆಂಬ ಪ್ರಶ್ನೆಗೆ ಇದಕ್ಕಿಂತ ತಕ್ಕ ನೆಲ ದೊರೆಯುವುದು ದುರ್ಲಭ. ಅಧ್ಯಯನದ ಫಲವು 1976ರಲ್ಲಿ ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥವಾಗಿ ಹೊರಬಂದಿತು.

ಕೋಟದ ಕೆಲಸದಲ್ಲಿ ಎರಡು ಅಂಶಗಳು ವಿಶೇಷ ಗಮನಕ್ಕೆ ಅರ್ಹವಾದವು. ಮೊದಲನೆಯದು ಪ್ರಶ್ನಾವಳಿ. ಪಾಶ್ಚಾತ್ಯ ಆಸ್ಪತ್ರೆಗಳ ರೋಗಿಗಳಿಗಾಗಿ ಸಿದ್ಧವಾದ ಪ್ರಶ್ನೆಗಳನ್ನು ಅಕ್ಷರವರಿಯದ ರೈತನ ಮುಂದಿಡುವುದು ವ್ಯರ್ಥವೆಂದರಿತು, ಕಪೂರ್ ಅವರು ಪತ್ನಿ ಮಾಳವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಅವರೊಡನೆ ಭಾರತೀಯ ಮನೋವೈದ್ಯಕೀಯ ಸಂದರ್ಶನ ಮತ್ತು ಸಮೀಕ್ಷಾ ಪಟ್ಟಿಗಳನ್ನು ರೂಪಿಸಿ 1974ರಲ್ಲಿ ಪ್ರಕಟಿಸಿದರು. ತನ್ನ ನಡೆ ಕೆಟ್ಟಿರುವುದು ತೀವ್ರ ರೋಗಿಗೆ ಅನೇಕವೇಳೆ ತನಗೇ ತಿಳಿಯದು. ಆದುದರಿಂದ ಮನೆಯವರ ಸಾಕ್ಷ್ಯಕ್ಕೂ ಅಲ್ಲಿ ಸ್ಥಾನ ದೊರೆಯಿತು. ಎರಡನೆಯದು, ಊರಿನ ಚಿಕಿತ್ಸಕರ ಕುರಿತ ಗೌರವದ ವಿಚಾರಣೆ. ಮದ್ದು ಕೊಡುವ ನಾಟಿವೈದ್ಯನನ್ನೂ, ತಾಯಿತ ಕಟ್ಟುವ ಮಂತ್ರವಾದಿಯನ್ನೂ, ದೈವವು ಮೈಮೇಲೆ ಬಂದಾಗ ನಡುಗುತ್ತ ಎದುರಿಗೆ ನಿಂತವರ ಕಷ್ಟವನ್ನು ಕೇಳಿ ಅಪ್ಪಣೆ ಕೊಡುವ ಪಾತ್ರಿಯನ್ನೂ ಅವರು ಬೇರೆಬೇರೆಯಾಗಿ ಗುರುತಿಸಿ, ಜನರು ಇವರನ್ನೂ ಡಾಕ್ಟರನ್ನೂ ಪರಸ್ಪರ ವಿರೋಧಿಗಳೆಂದು ಭಾವಿಸದೆ ಇಬ್ಬರ ಬಳಿಗೂ ಹೋಗುವರೆಂದು ಕಂಡುಕೊಂಡರು. ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಹೆಚ್ಚಾಗಿದ್ದ ಕಾಲದಲ್ಲಿ ಈ ತಾಳ್ಮೆ ದೊಡ್ಡದು.

1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯ ಘಟಕವು ಕಪೂರ್ ಅವರ ನೇತೃತ್ವದಲ್ಲಿ ಆರಂಭವಾಯಿತು. ಮರುವರ್ಷ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವು ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಮನೆಮನೆಗೆ ತಿರುಗುವ ಆರೋಗ್ಯ ಕಾರ್ಯಕರ್ತರೂ ಅಲ್ಪಕಾಲದ ತರಬೇತಿಯಿಂದ ತೀವ್ರ ಮನೋರೋಗವನ್ನು ಗುರುತಿಸಿ ಮದ್ದು ಮುಂದುವರಿಸಬಲ್ಲರೇ ಎಂಬುದು ಅಲ್ಲಿನ ಪರೀಕ್ಷೆ. ರೋಗಿಗಳನ್ನು ಹುಡುಕುವ ಮೂರು ವಿಧಾನಗಳ ಖರ್ಚನ್ನೂ ಫಲವನ್ನೂ ಮೋಹನ್ ಐಸಾಕ್ ಅವರೊಡನೆ ಕಪೂರ್ ಅವರು ತೂಗಿನೋಡಿ 1980ರಲ್ಲಿ ಪ್ರಕಟಿಸಿದರು. ಈ ಅನುಭವವೇ ಬೆಳೆದು, 1985ರಿಂದ 1990ರ ವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವಾಯಿತು. 1996ರಲ್ಲಿ ರಾಷ್ಟ್ರವು ಅಂಗೀಕರಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಕಪೂರ್ ಅವರು ಉತ್ತರವಯಸ್ಸಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಸೇರಿ, ಹಿಮಾಲಯದ ಸಾಧುಗಳ ಮನೋಜೀವನವನ್ನು ಅಭ್ಯಸಿಸಿದರು, 2006ರಲ್ಲಿ ನಿಧನರಾದರು. ಅವರು ತೆರೆದ ದಾರಿಯಲ್ಲಿ ನಡೆದ ಕೆಲಸಗಳಲ್ಲಿ ನಿಮ್ಹಾನ್ಸ್‌ನ ಬಿ. ಎನ್. ಗಂಗಾಧರ್, ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕೈಗೊಂಡ ಅಧ್ಯಯನವು ಗಣ್ಯವಾದುದು. ಸ್ಕಿಜೋಫ್ರೀನಿಯದಿಂದ ನರಳುವವರನ್ನು ಅವರವರ ಊರಿನಲ್ಲಿಯೇ ಗುರುತಿಸಿ, ಮದ್ದು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದಾಗ, ಒಂದು ವರ್ಷದಲ್ಲಿ ಮೊದಲಿನವರ ಅಸಾಮರ್ಥ್ಯ ತಗ್ಗಿ, ಎರಡನೆಯವರದು ಇದ್ದಂತೆಯೇ ಉಳಿದುದು ಕಂಡುಬಂದಿತು. ಮದ್ದಿಲ್ಲದೆಯೂ ಹಳ್ಳಿಯ ರೋಗಿ ತಾನಾಗಿ ಚೇತರಿಸಿಕೊಳ್ಳುವನೆಂಬ ಹಗುರವಾದ ನಂಬಿಕೆಗೆ ಈ ಫಲಿತಾಂಶವು ತಕ್ಕ ಉತ್ತರ.

ಈ ಅಧ್ಯಯನಗಳು ಹೆಚ್ಚಾಗಿ ಕರಾವಳಿ, ಮಲೆನಾಡು ಮತ್ತು ಬೆಂಗಳೂರಿನ ಆಸುಪಾಸಿನವು. ಮಳೆ ಕೈಕೊಟ್ಟೊಡನೆ ಕುಟುಂಬವೇ ಪುಣೆಗೂ ಗೋವೆಗೂ ಗುಳೆ ಹೊರಡುವ ವಿಜಾಪುರ ಜಿಲ್ಲೆಯ ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿಗಳಲ್ಲಿ ತಿಂಗಳ ಮದ್ದು ನಡುವೆಯೇ ನಿಲ್ಲುವುದು ಸಹಜ. ಅದನ್ನು ನಿಲ್ಲಗೊಡದ ಉಪಾಯವನ್ನು ಅರಸುವ ಕ್ಷೇತ್ರಾಧ್ಯಯನವೊಂದನ್ನು ಸರ್ಕಾರವೂ ವೈದ್ಯಕೀಯ ಕಾಲೇಜುಗಳೂ ಈ ಎರೆಯ ನಾಡಿನಲ್ಲಿ ಕೈಗೊಳ್ಳಬೇಕು.