ಶಿರಗುಪ್ಪಿ ಸೀಮೆಯ ಬೆಳಕಿಂಡಿಗಳು

ಧಾರವಾಡ ಜಿಲ್ಲೆಯನ್ನು ಪಡುವಣದಿಂದ ಮೂಡಣಕ್ಕೆ ದಾಟುತ್ತ ಹೋದಂತೆ ಮಣ್ಣಿನ ಬಣ್ಣದೊಂದಿಗೆ ಮನೆಗಳ ಚಾವಣಿಯ ಆಕಾರವೂ ಬದಲಾಗುತ್ತದೆ. ಕಲಘಟಗಿ, ಅಳ್ನಾವರಗಳ ಕಡೆ, ಮಲೆನಾಡಿನ ಸೆರಗಿನಲ್ಲಿ, ಮಳೆ ಜೋರಾದ್ದರಿಂದ ನೀರನ್ನು ತಕ್ಷಣ ಜಾರಿಸಿಬಿಡುವ ಇಳಿಜಾರಿನ ಹಂಚಿನ ಮಾಡು ರೂಢಿಗೆ ಬಂದಿತು. ಹುಬ್ಬಳ್ಳಿಯನ್ನು ದಾಟಿ ಗದಗದ ದಿಕ್ಕಿಗೆ ಹೊರಳಿದರೆ ಸಿಗುವ ಶಿರಗುಪ್ಪಿ, ಅಣ್ಣಿಗೇರಿ, ನವಲಗುಂದಗಳ ಎರಿ ಸೀಮೆಯಲ್ಲಿ, ಎಂದರೆ ಹತ್ತಿ, ಬಿಳಿಜೋಳ, ಕಡಲೆ, ಮೆಣಸಿನಕಾಯಿಗಳನ್ನು ಬೆಳೆಯುವ ಕಪ್ಪು ಮಣ್ಣಿನ ಬಯಲಿನಲ್ಲಿ, ಮಳೆಯೂ ಕಡಿಮೆ, ಕಾಡೂ ಇಲ್ಲ, ಹೀಗಾಗಿ ಅಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆಯೇ ಮನೆಯ ಲಕ್ಷಣವಾಯಿತು. ಈ ಮಾಳಿಗೆಯ ನಡುವೆ ಬೆಳಕಿಗಾಗಿ ಬಿಡುತ್ತಿದ್ದ ಸಣ್ಣ ತೆರವಿಗೆ ಬೆಳಕಿಂಡಿ ಎಂಬ ಹೆಸರಿದೆ. ಓದಿದವರ ಬಾಯಲ್ಲಿ ಅದೇ ಗವಾಕ್ಷಿ. ಬೆಳಕನ್ನು ಒಳಗೆ ಬಿಟ್ಟುಕೊಂಡು ಮಳೆಯನ್ನು ಹೊರಗೆ ನಿಲ್ಲಿಸುವ ಕೆಲಸ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ಈ ಸೀಮೆಯ ಜನ ತಲೆಮಾರುಗಳಿಂದ ಬಲ್ಲರು, ಮತ್ತು ಇಂದು ಅದೇ ಊರುಗಳ ಓಣಿಗಳಲ್ಲಿ ನಿಂತಿರುವ ಕಾರುಗಳ ಸನ್‌ರೂಫ್ ಸೋರತೊಡಗಿದಾಗ ಎದುರಾಗುವುದೂ ಮೂಲತಃ ಅದೇ ಪ್ರಶ್ನೆ.

ಮಾಳಿಗೆಯ ರಚನೆಯನ್ನು ಮೊದಲು ತಿಳಿಯಬೇಕು. ಗೋಡೆಯಿಂದ ಗೋಡೆಗೆ ಅಥವಾ ಕಂಬದಿಂದ ಕಂಬಕ್ಕೆ ಹಾಸುವ ದಪ್ಪ ಮರ ತೊಲೆ. ತೊಲೆಗಳ ಮೇಲೆ ಅಡ್ಡಲಾಗಿ, ಒತ್ತೊತ್ತಾಗಿ ಜೋಡಿಸುವ ಸಣ್ಣ ಮರಗಳು ಜಂತಿ. ಉಳ್ಳವರು ಜಂತಿಗಳ ಮೇಲೆ ಹಲಗೆ ಹಾಸಿದರೆ, ಇಲ್ಲದವರು ಹತ್ತಿಕಟ್ಟಿಗೆಯನ್ನೋ ಜಾಲಿಯ ಕೊಂಬೆಗಳನ್ನೋ ಹಾಸಿ, ಅದರ ಮೇಲೆ ಗೆದ್ದಲು ಹಿಡಿಯದಿರಲೆಂದು ಬೇವಿನ ತಪ್ಪಲು ಹರಡಿ, ಹೊಟ್ಟು ಬೆರೆಸಿ ಕಲಸಿದ ಕೆಸರನ್ನು ಮೆತ್ತಿ, ಅದು ಆರಿದ ಮೇಲೆ ಮಣ್ಣಿನ ದಪ್ಪ ಪದರವನ್ನು ಹಾಕಿ ಬಡಿಯುತ್ತಿದ್ದರು. ಈ ಮಣ್ಣಿನ ಹೊದಿಕೆಗೆ ಮೇಲ್ಮುದ್ದೆ ಎನ್ನುತ್ತಾರೆ. ಅಂಚಿನ ಗಿಡ್ಡ ಗೋಡೆ ಕುಂಬಿ; ಕುಂಬಿಯನ್ನು ತೂರಿಕೊಂಡು ನೀರನ್ನು ಬೀದಿಗೆ ಚೆಲ್ಲುವ ಕಲ್ಲಿನ ಅಥವಾ ಮರದ ಕೊಳವೆ ದೋಣಿ. ಚಪ್ಪಟೆ ಎಂದರೂ ಮಾಳಿಗೆ ಪೂರ್ತಿ ಚಪ್ಪಟೆಯಲ್ಲ. ನೀರು ದೋಣಿಯ ಕಡೆಗೆ ತಾನಾಗಿ ಹರಿಯುವಷ್ಟು ವಾಟವನ್ನು ಮಣ್ಣು ಹಾಕುವವನು ಕಣ್ಣಳತೆಯಲ್ಲೇ ಕೊಡುತ್ತಿದ್ದ.

ಎರಿ ಮಣ್ಣು ಕಾಲಡಿಯಲ್ಲೇ ಬೇಕಾದಷ್ಟು ಬಿದ್ದಿದ್ದರೂ ಮಾಳಿಗೆಯ ಮೇಲ್ಪದರಕ್ಕೆ ಅದನ್ನು ನೆಚ್ಚುವಂತಿರಲಿಲ್ಲ, ಏಕೆಂದರೆ ನೆನೆದಾಗ ಉಬ್ಬುವ ಆ ಮಣ್ಣು ಒಣಗಿದಾಗ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲ್ಪದರಕ್ಕೆ ಒದಗುತ್ತಿದ್ದುದು ಸವಳು ಮಣ್ಣು. ಹಳ್ಳದ ಬದಿಗಳಲ್ಲಿ, ನೀರು ಬಸಿಯದ ತಗ್ಗುಗಳಲ್ಲಿ ಸಿಗುವ ಈ ಮಣ್ಣಿನಲ್ಲಿ ಸೋಡಿಯಂ ಲವಣಾಂಶ ಹೆಚ್ಚಿರುವುದರಿಂದ, ನೀರು ಬಿದ್ದೊಡನೆ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ ಚದುರಿ, ನಡುವಣ ಸಂದುಗಳನ್ನು ತಾವೇ ಮುಚ್ಚಿಬಿಡುತ್ತವೆ, ಮೇಲಿನ ನೀರು ಕೆಳಗಿಳಿಯದೆ ಹರಿದುಹೋಗುತ್ತದೆ. ಬೆಳೆಗೆ ಶಾಪವಾದ ಗುಣವೇ ಮಾಳಿಗೆಗೆ ವರವಾದ ಉದಾಹರಣೆಯಿದು. ಒಂದು ಕಾಲಕ್ಕೆ ಬಂಡಿ ಕಟ್ಟಿಕೊಂಡು ಹೋಗಿ ತರುತ್ತಿದ್ದ ಈ ಮಣ್ಣು, 1970ರ ದಶಕದಿಂದೀಚೆಗೆ ಮಲಪ್ರಭಾ ಕಾಲುವೆಯ ನೀರು ಹರಿದ ಮೇಲೆ ನವಲಗುಂದ ಭಾಗದ ಹೊಲಗಳಲ್ಲಿ ಕರೆಯದೆಯೇ ಕಾಣಿಸಿಕೊಂಡು ರೈತರ ತಲೆನೋವಾಯಿತೆಂಬುದು ಬೇರೆಯೇ ಕಥೆ.

ಗೋಡೆಗೆ ಕಿಟಕಿ ಇಡುವುದನ್ನು ಬಿಟ್ಟು ನೆತ್ತಿಗೆ ಕಿಂಡಿ ಕೊರೆದದ್ದೇಕೆ ಎಂಬುದಕ್ಕೆ ಊರಿನ ಕಟ್ಟಣೆಯೇ ಉತ್ತರ ಹೇಳುತ್ತದೆ. ಎರಡೂ ಮಗ್ಗುಲಲ್ಲಿ ನೆರೆಮನೆಗಳು ಅಂಟಿಕೊಂಡಿದ್ದು, ಮುಂದೆ ದನಕರುಗಳ ಜಾಗ, ಅದರಾಚೆ ಪಡಸಾಲೆ, ಅದರ ಹಿಂದೆ ನಡುಮನೆ ಮತ್ತು ಅಡುಗೆಮನೆ ಎಂದು ಮನೆ ಆಳವಾಗಿ ಹಿಂದಕ್ಕೆ ಸಾಗುವುದರಿಂದ, ಒಳಗಿನ ಕೋಣೆಗಳಿಗೆ ಹೊರಗೋಡೆಯೇ ಇರುತ್ತಿರಲಿಲ್ಲ. ಇದ್ದ ಕಡೆಯೂ ಕಳ್ಳರ ಭಯ, ಬೇಸಿಗೆಯ ಬಿಸಿಗಾಳಿ, ಕಾಳುಕಡಿ ತುಂಬಿದ ಮನೆಯೊಳಗನ್ನು ದಾರಿಹೋಕರ ಕಣ್ಣಿನಿಂದ ಮರೆಸುವ ಎಚ್ಚರ, ಇವೆಲ್ಲವೂ ಕಿಟಕಿಗೆ ವಿರುದ್ಧವಾಗಿದ್ದವು. ನಡುಮನೆಗೆ ಬೆಳಕು ಬೇಕಾದರೆ ಅದು ಮೇಲಿನಿಂದಲೇ ಇಳಿಯಬೇಕು; ಅಡುಗೆಮನೆಯ ಹೊಗೆ ಹೋಗಬೇಕಾದರೂ ಅದೇ ದಾರಿ. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆ ಇದೇ ಕೊರತೆಯನ್ನು ಇನ್ನೊಂದು ಬಗೆಯಿಂದ ನೀಗಿಸಿತು: ಅಲ್ಲಿ ಮನೆಯ ನಡುಭಾಗವನ್ನೇ ಆಕಾಶಕ್ಕೆ ತೆರೆದಿಟ್ಟು, ಬಿದ್ದ ಮಳೆಯನ್ನು ತಗ್ಗಿನ ತೊಟ್ಟಿಯಲ್ಲಿ ಹಿಡಿದು, ಕಲ್ಲಿನ ಮೋರಿಯ ಮೂಲಕ ಹೊರಕ್ಕೆ ಕಳಿಸುತ್ತಿದ್ದರು. ರೋಮಿನ ಪ್ಯಾಂಥಿಯನ್ ದೇಗುಲದ ಗುಮ್ಮಟದ ನೆತ್ತಿಯಲ್ಲಿರುವ ತೆರೆದ ವೃತ್ತವೂ ಇದೇ ಜಾತಿಯದು. ಅದರ ಕೆಳಗಿನ ನೆಲಹಾಸಿನಲ್ಲಿ ನೀರು ಹಿಂಗುವ ರಂಧ್ರಗಳಿವೆ. ಮಳೆಯನ್ನು ತಡೆಯಲಾಗದಿದ್ದರೆ ಅದಕ್ಕೊಂದು ದಾರಿ ತೋರಿಸಬೇಕು ಎಂಬ ತಿಳಿವಳಿಕೆ ಈ ಎರಡರಲ್ಲೂ ಇದೆ.

ಎರಿ ಸೀಮೆಯ ಬೆಳಕಿಂಡಿ ತಡೆಯುವುದು, ಹರಿಸುವುದು ಎರಡನ್ನೂ ಒಟ್ಟಿಗೆ ಮಾಡಬೇಕಿತ್ತು. ಎರಡು ಜಂತಿಗಳ ನಡುವೆ ತೆರವು ಬಿಟ್ಟು, ಅದರ ಸುತ್ತ ಮಣ್ಣಿನ ಇಲ್ಲವೆ ಕಲ್ಲಿನ ಎತ್ತರದ ಕಟ್ಟೆ ಕಟ್ಟಿ, ಮಾಳಿಗೆಯ ಮೇಲೆ ಹರಿಯುವ ನೀರು ಕಿಂಡಿಯ ಬಾಯಿಗೆ ಬಾರದಂತೆ ಮಾಡುತ್ತಿದ್ದರು. ಬಡವರ ಮನೆಗಳಲ್ಲಿ ತಳ ಒಡೆದ ಗಡಿಗೆಯನ್ನು ಕೂರಿಸಿದರೂ ಈ ಕಟ್ಟೆಯ ಕೆಲಸ ನಡೆಯುತ್ತಿತ್ತು. ಮೋಡ ಕವಿದೊಡನೆ ಮನೆಯ ಹುಡುಗರು ಮಾಳಿಗೆ ಹತ್ತಿ ಕಿಂಡಿಯ ಮೇಲೆ ಕಲ್ಲುಚಪ್ಪಡಿಯನ್ನೋ ಹಳೆಯ ಬುಟ್ಟಿಯನ್ನೋ ತಗಡನ್ನೋ ಮುಚ್ಚಿ ಬರುವುದು ದಿನದ ಕೆಲಸಗಳಲ್ಲೊಂದಾಗಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಸೋರಿಕೆ ಸಾಮಾನ್ಯವಾಗಿ ಕಿಂಡಿಯ ಬಾಯಿಂದ ಆಗುತ್ತಿರಲಿಲ್ಲ. ಕಟ್ಟೆಯೂ ಮೇಲ್ಮುದ್ದೆಯೂ ಸೇರುವ ಅಂಚಿನಿಂದ ಆಗುತ್ತಿತ್ತು. ಗಡಿಗೆಯ ಮಡಿಕೆಮಣ್ಣು, ಕಲ್ಲು, ಹಸಿಮಣ್ಣು ಬಿಸಿಲಿಗೆ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ, ಒಂದೇ ಅಳತೆಯಲ್ಲಿ ಕುಗ್ಗುವುದೂ ಇಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಅವುಗಳ ನಡುವೆ ಕೂದಲೆಳೆಯಷ್ಟು ಬಿರುಕು ಬಿದ್ದಿರುತ್ತದೆ. ಇನ್ನೊಂದು ಕಾರಣ ಕಟ್ಟಿದ ದೋಣಿ. ಹುಲ್ಲು, ಕಸ, ಗುಬ್ಬಿಯ ಗೂಡು ದೋಣಿಯ ಬಾಯಿಗೆ ಸಿಕ್ಕಿಕೊಂಡರೆ ನೀರು ಮಾಳಿಗೆಯ ಮೇಲೆ ನಿಂತು, ಕಟ್ಟೆಯ ಎತ್ತರವನ್ನು ಮೀರಿ ಒಳಗಿಳಿಯುತ್ತದೆ. ಆಗ ಮನೆಯವರು ಕಿಂಡಿಯನ್ನು ಬೈಯುವುದುಂಟು, ಆದರೆ ತಪ್ಪು ಬೀದಿಯ ಕಡೆಯ ದೋಣಿಯದು.

ಆದ್ದರಿಂದಲೇ ರೋಹಿಣಿ ಮಳೆಯ ಹೊತ್ತಿಗೆ, ತಡವಾದರೆ ಮೃಗಶಿರಕ್ಕಾದರೂ ಮೊದಲು, ಮಾಳಿಗೆಗೆ ಮಣ್ಣು ಹಾಕುವ ವಾಡಿಕೆ ಬೆಳೆಯಿತು. ಹಿಂದಿನ ವರ್ಷ ಹುಟ್ಟಿ ಒಣಗಿದ ಹುಲ್ಲನ್ನು ಬೇರುಸಹಿತ ಕೀಳುವುದು, ಇರುವೆ ಮತ್ತು ಇಲಿ ತೋಡಿದ ಬಿಲಗಳನ್ನು ತುಂಬುವುದು, ದೋಣಿಯನ್ನು ಕಡ್ಡಿಯಿಂದ ಬಿಡಿಸಿ ನೀರು ಸುರಿದು ನೋಡುವುದು, ಕಿಂಡಿಯ ಅಂಚಿಗೆ ಸಗಣಿ ಮಣ್ಣು ಮೆತ್ತುವುದು, ಕೊನೆಗೆ ಸವಳು ಮಣ್ಣಿನ ಹೊಸ ಪದರ ಎರಚುವುದು ಈ ಕೆಲಸದಲ್ಲಿ ಸೇರಿದ್ದವು. ವರ್ಷವರ್ಷವೂ ಮಣ್ಣು ಏರುತ್ತ ಹೋಗಿ ತೊಲೆಗೆ ಭಾರವಾಗುವುದು ಈ ಪದ್ಧತಿಯ ದೊಡ್ಡ ದೋಷವಾಗಿತ್ತು. ಹಳೆಯ ಮಣ್ಣನ್ನು ಇಳಿಸದೆ ಹೊಸದನ್ನು ಹೇರಿದ ಮನೆಗಳು ಬಿಡದ ಜಡಿಮಳೆಯಲ್ಲಿ, ನೆನೆದ ಭಾರಕ್ಕೆ ಕುಸಿದು ಬೀಳುವುದು ಈ ಭಾಗದಲ್ಲಿ ಇಂದಿಗೂ ನಿಂತಿಲ್ಲ. ಶಿಗ್ಗಾವಿ ಬಳಿಯ ಶಿಶುವಿನಹಾಳದ ಸಂತ ಶರೀಫರು (1819–1889) ಮನೆಯ ಮಾಳಿಗೆ ಸೋರುವುದನ್ನೇ ವಸ್ತುವಾಗಿಸಿ ತತ್ವಪದ ಕಟ್ಟಿದಾಗ ತೊಲೆ, ಜಂತಿಗಳನ್ನೇ ಹೆಸರಿಸಿದ್ದು ಕೇಳುಗರಿಗೆ ವಿವರಣೆ ಬೇಡದ ಅನುಭವವಾಗಿತ್ತು. ಆ ಪದದ ಅಧ್ಯಾತ್ಮವನ್ನು ಎಲ್ಲರೂ ವ್ಯಾಖ್ಯಾನಿಸಿದ್ದಾರೆ, ಅದರೊಳಗಿನ ಬಡಗಿತನವನ್ನು ಮಾತ್ರ ಗಮನಿಸಿದವರು ಕಡಿಮೆ.

ಕಲ್ಲಿನಲ್ಲಿ ಕಟ್ಟಿದವರಿಗೂ ಈ ಅಂಚಿನ ಸಮಸ್ಯೆ ತಪ್ಪಲಿಲ್ಲ. ಐಹೊಳೆಯಲ್ಲಿ ಚಾಲುಕ್ಯರ ಕಾಲದ ಲಾಡಖಾನ್ ಗುಡಿಯ ಇಳಿಜಾರು ಚಾವಣಿಯನ್ನು ನೋಡಿದರೆ, ಹಾಸುಬಂಡೆಗಳು ಒಂದಕ್ಕೊಂದು ಸೇರುವ ಸಂದುಗಳ ಮೇಲೆ ಮರದ ದಿಮ್ಮಿಯಂತಹ ಉದ್ದನೆಯ ಕಿರುಗಲ್ಲುಗಳನ್ನು ಹೊದಿಸಿರುವುದು ಕಾಣುತ್ತದೆ. ಬಂಡೆ ಸೋರುವುದಿಲ್ಲ, ಸಂದು ಸೋರುತ್ತದೆ ಎಂಬುದನ್ನು ಆ ಶಿಲ್ಪಿಗಳು ಅರಿತಿದ್ದರು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ ಎರಡು ಹೊಸ ವಸ್ತುಗಳನ್ನು ತಂದಿತು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಹೊರಟ ಕೆಂಪು ಹಂಚು ಮೊದಲನೆಯದು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದ ಮೇಲೆ ಅಂತಹ ಭಾರದ ಸರಕು ಬಯಲುಸೀಮೆಗೂ ತಲುಪುವುದು ಸುಲಭವಾಯಿತು. ಗಾಜು ಎರಡನೆಯದು. ಹಂಚಿನದೇ ಅಳತೆಯಲ್ಲಿ ಎರಕ ಹೊಯ್ದ ಗಾಜಿನ ಹಂಚು ಬಂದಾಗ ಹಂಚಿನ ಮನೆಗೆ ಬೆಳಕಿಂಡಿ ಕೊರೆಯುವ ಕಷ್ಟವೇ ಉಳಿಯಲಿಲ್ಲ, ಏಕೆಂದರೆ ಮೇಲಿನ ಹಂಚು ಕೆಳಗಿನದರ ಮೇಲೆ ಚಾಚಿಕೊಂಡಿರುವುದರಿಂದ ನೀರು ಸಂದಿಗೆ ಇಳಿಯದೆ ಮುಂದಕ್ಕೆ ಜಾರುತ್ತದೆ. ಮಣ್ಣಿನ ಮಾಳಿಗೆಗೆ ಆ ಭಾಗ್ಯವಿರಲಿಲ್ಲ: ಅಲ್ಲಿ ಕಟ್ಟೆಯ ಮೇಲೆ ಗಾಜಿನ ಹಾಳೆಯಿಟ್ಟು ಸುತ್ತ ಗಾರೆ, ಮುಂದೆ ಸಿಮೆಂಟು ಮೆತ್ತಿದರು. ಹುಡುಗರು ಮಾಳಿಗೆ ಹತ್ತುವ ಕೆಲಸ ತಪ್ಪಿತು. ಅದರೊಂದಿಗೆ ಅಂಚನ್ನು ಕಣ್ಣಾರೆ ನೋಡುವ ಅಭ್ಯಾಸವೂ ತಪ್ಪಿತು. ಗಾಜು ಸೀಳಿದಾಗ ಅಥವಾ ಸಿಮೆಂಟು ಗಾಜಿನಿಂದ ಬಿಟ್ಟುಕೊಂಡಾಗ ಅದು ಗೊತ್ತಾಗುತ್ತಿದ್ದುದು ಗೋಡೆಯ ಮೇಲೆ ಕಲೆ ಮೂಡಿದ ನಂತರವೇ.

ಗಾಜಿನ ಚಾವಣಿಯನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿದವರು ಬೇರೆ ದಾರಿ ಹಿಡಿದಿದ್ದರು. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್, ಗಾಜಿನ ಚೌಕಟ್ಟನ್ನು ಹೊತ್ತ ಮರದ ಪಟ್ಟಿಗಳಲ್ಲೇ ಗಾಡಿಗಳನ್ನು, ಎಂದರೆ ಉದ್ದಕ್ಕೆ ಕೊರೆದ ಕಾಲುವೆಗಳನ್ನು ಮಾಡಿಸಿ, ಹೊರಗಿನ ಮಳೆನೀರಿನ ಜೊತೆಗೆ ಒಳಗೆ ಗಾಜಿಗೆ ಅಂಟುವ ಇಬ್ಬನಿಯೂ ಅದರಲ್ಲೇ ಹರಿದುಹೋಗುವಂತೆ ಮಾಡಿದ್ದನು. ಆ ಕಟ್ಟಡದ ಮೇಲ್ಪಂಕ್ತಿಯಲ್ಲಿ ಮೂಡಿದ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಿತು. ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆ ಅದೇ ವಂಶದ ಈಚಿನ ಕುಡಿ.

ಕಾರಿನ ಸನ್‌ರೂಫ್ ಈ ಪರಂಪರೆಗೆ ತಡವಾಗಿ ಸೇರಿದ ಸದಸ್ಯ. 1901ರಲ್ಲಿ ಜರ್ಮನಿಯಲ್ಲಿ ಸ್ಥಾಪನೆಯಾದ ವೆಬಾಸ್ಟೊ ಸಂಸ್ಥೆ 1930ರ ದಶಕದಲ್ಲಿ ಕಾರುಗಳಿಗೆ ಬಟ್ಟೆಯ ಮಡಿಸುವ ಚಾವಣಿಗಳನ್ನು ಮಾಡಿತು. ಅಮೆರಿಕದಲ್ಲಿ 1937ರ ನ್ಯಾಶ್ ಕಾರಿನಲ್ಲಿ ತೆರೆಯುವ ಲೋಹದ ಚಾವಣಿ ಬಂದಿತು. ಭಾರತದಲ್ಲಿ ಬಹುಕಾಲ ಸಿರಿವಂತರ ಗಾಡಿಗಳಿಗಷ್ಟೇ ಸೀಮಿತವಾಗಿದ್ದ ಈ ಸೌಕರ್ಯ, 2023ರಲ್ಲಿ ಬಂದ ಹ್ಯುಂಡೈ ಎಕ್ಸ್‌ಟರ್‌ನಂತಹ ಸಣ್ಣ ಕಾರಿಗೂ ಇಳಿದ ಮೇಲೆ, ಎರಿ ಹೊಲಗಳ ದೂಳಿನ ರಸ್ತೆಗಳನ್ನೂ ತಲುಪಿತು. ಅದರ ರಚನೆಯ ಬಗ್ಗೆ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ: ಗಾಜಿನ ಸುತ್ತಲಿನ ರಬ್ಬರು ಪಟ್ಟಿ ನೀರನ್ನು ಪೂರ್ತಿ ತಡೆಯುತ್ತದೆಂದು ಹೆಚ್ಚಿನವರು ನಂಬಿರುತ್ತಾರೆ. ವಾಸ್ತವದಲ್ಲಿ ರಬ್ಬರು ತಡೆಯುವುದು ಬಹುಪಾಲನ್ನು ಮಾತ್ರ; ಅದನ್ನು ದಾಟಿದ ನೀರು ಚೌಕಟ್ಟಿನ ಸುತ್ತಲಿನ ತಗಡಿನ ದೋಣಿಗೆ ಬಿದ್ದು, ಅದರ ಮೂಲೆಗಳಿಂದ ಹೊರಟು ಕಾರಿನ ಕಂಬಗಳೊಳಗೆ ಇಳಿಯುವ, ಸಾಮಾನ್ಯವಾಗಿ ನಾಲ್ಕು, ಸಪೂರ ಕೊಳವೆಗಳ ಮೂಲಕ ಗಾಡಿಯ ಕೆಳಗೆ ಸುರಿಯಬೇಕು. ಮಾಳಿಗೆಯ ಕಟ್ಟೆ, ವಾಟ, ದೋಣಿ ಮೂರೂ ಇಲ್ಲಿ ಬೇರೆ ಹೆಸರಿನಲ್ಲಿ ಇವೆ.

ಸೋರಿಕೆಯ ಕಾರಣಗಳೂ ಹಳೆಯವೇ. ಬೇವಿನ ಮರದ ನೆರಳಲ್ಲಿ ನಿಲ್ಲಿಸಿದ ಕಾರಿನ ದೋಣಿಗೆ ಹೂವು, ಎಲೆ ಉದುರಿ, ಅದರ ಮೇಲೆ ಎರಿ ದೂಳು ಕೂತು, ಮೊದಲ ಮಳೆಗೆ ಅದು ಜಿಗುಟು ಕೆಸರಾಗಿ ಕೊಳವೆಯ ಬಾಯಿ ಕಟ್ಟುತ್ತದೆ. ನಿಂತ ನೀರು ಚೌಕಟ್ಟು ಮೀರಿ ಒಳಚಾವಣಿಯ ಬಟ್ಟೆಗೆ, ಅಲ್ಲಿಂದ ಆಸನಕ್ಕೆ, ಕಾಲ್ಹಾಸಿನ ಕೆಳಗಿನ ವಿದ್ಯುತ್ ತಂತಿಗಳಿಗೆ ಇಳಿಯುತ್ತದೆ. ಇದಕ್ಕೆ ಗಾಜಿನ ಸುತ್ತ ಸಿಲಿಕೋನ್ ಮೆತ್ತಿಸುವುದು ಅನೇಕರು ಮಾಡುವ ಮೊದಲ ಉಪಾಯ, ಮತ್ತು ಅದು ಕೆಟ್ಟ ಉಪಾಯ: ಗಾಜು ತೆರೆಯದಂತಾಗುತ್ತದೆ, ಕಟ್ಟಿದ ಕೊಳವೆ ಕಟ್ಟಿಯೇ ಇರುತ್ತದೆ. ಜೋರು ಗಾಳಿ ಹೊಡೆದು ಬಿಡಿಸಲು ಹೋದರೆ ಕೊಳವೆಯ ಜೋಡಣೆ ಒಳಗೇ ಕಳಚಿ ಸೋರಿಕೆ ಇನ್ನಷ್ಟು ಹೆಚ್ಚಬಹುದು. ಮೆತ್ತನೆಯ ತೆಳು ನೈಲಾನ್ ತಂತಿಯನ್ನು ನಿಧಾನವಾಗಿ ಇಳಿಸಿ, ಮೂಲೆಗೆ ಒಂದು ಲೋಟ ನೀರು ಸುರಿದು, ಅದು ಚಕ್ರದ ಬಳಿ ಹೊರಬರುವುದೇ ಎಂದು ನೋಡುವುದು ಸರಿಯಾದ ಕ್ರಮ.

ಬಿರುಕಿನ ವಿಷಯ ಬೇರೆ. ಗಾಜನ್ನು ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಗೊಳಿಸಿದ ಟೆಂಪರ್ಡ್ ಗಾಜು ಒಳಗೊಳಗೇ ಬಿಗಿತವನ್ನು ಹೊತ್ತಿರುವುದರಿಂದ, ಅಂಚಿಗೆ ಕಲ್ಲು ತಗುಲಿದರೂ ಸಾಕು, ಕೆಲವೊಮ್ಮೆ ತಡವಾಗಿ, ಇಡೀ ಹಾಳೆ ಸಣ್ಣ ಹರಳುಗಳಾಗಿ ಉದುರಿಬಿಡುತ್ತದೆ. ಅದನ್ನು ರಿಪೇರಿ ಮಾಡಲಾಗದು, ಬದಲಾಯಿಸಲೇಬೇಕು. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪೊರೆಯಿರುವ ಲ್ಯಾಮಿನೇಟೆಡ್ ಗಾಜು, ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ 1909ರಲ್ಲಿ ಪೇಟೆಂಟ್ ಪಡೆದ ತತ್ವದಂತೆ, ಸೀಳಿದರೂ ಉದುರದೆ ಹಿಡಿದುಕೊಂಡಿರುತ್ತದೆ, ಮೇಲ್ಪದರದ ಸಣ್ಣ ಗಾಯವನ್ನು ರಾಳ ತುಂಬಿ ಮುಚ್ಚಬಹುದು. ತನ್ನ ಕಾರಿನಲ್ಲಿರುವುದು ಯಾವ ಗಾಜು ಎಂಬುದನ್ನು ಅದರ ಮೂಲೆಯ ಮುದ್ರೆಯಲ್ಲಿ ಮಾಲೀಕನು ಓದಿಕೊಳ್ಳಬಹುದು.

ಮಣ್ಣಿನ ಮಾಳಿಗೆ ಸೋರುತ್ತಿದ್ದರೂ ಬಾಳಿದ್ದು ಅದರ ವಸ್ತುವಿನ ಬಲದಿಂದಲ್ಲ, ವರ್ಷಕ್ಕೊಮ್ಮೆ ಯಾರಾದರೂ ಅದನ್ನು ಹತ್ತಿ ನೋಡುತ್ತಿದ್ದರು ಎಂಬುದರಿಂದ. ಕಾರಿನ ತಯಾರಕರು ಸನ್‌ರೂಫನ್ನು ಬೆಳಕಿನ ಸುಖವೆಂದು ಮಾರುತ್ತಾರೆ, ದೋಣಿ ಬಿಡಿಸುವ ಕೆಲಸವನ್ನು ಕೈಪಿಡಿಯ ಯಾವುದೋ ಮೂಲೆಯಲ್ಲಿ ಅಡಗಿಸುತ್ತಾರೆ. ಎರಿ ಸೀಮೆಯಲ್ಲಿ ಕಾರು ಇಟ್ಟವರು ಆ ಕೊಳವೆಗಳನ್ನು ಮೃಗಶಿರ ಮಳೆಗೆ ಮುನ್ನವೇ ಬಿಡಿಸಿಕೊಳ್ಳಲಿ.