ಹೊತ್ತು ಮಾರುವವನೂ ಸುಂಕದ ಕಟ್ಟೆಯೂ

ಅರಸರ ದಿಗ್ವಿಜಯಗಳನ್ನೂ ಅಗ್ರಹಾರದಾನಗಳನ್ನೂ ಕುರಿತು ಕನ್ನಡನಾಡಿನಲ್ಲಿ ಬೆಳೆದಿರುವ ಚರಿತ್ರೆಯ ರಾಶಿ ದೊಡ್ಡದು. ದೊಡ್ಡ ವರ್ತಕರ ವೃತ್ತಾಂತವೂ ಅಲ್ಲಲ್ಲಿ ದೊರೆಯುತ್ತದೆ. ಆದರೆ ಹೆಗಲಿಗೆ ಗಂಟನ್ನೇರಿಸಿ, ಒಂದು ಜಾತ್ರೆಯಿಂದ ಇನ್ನೊಂದಕ್ಕೆ ನಡೆದು, ಬಳೆ, ಮಣಿ, ಕುಂಕುಮ, ಬೆಂಡು ಬತ್ತಾಸುಗಳನ್ನು ಮಾರಿ ಬದುಕಿದವನ ಚರಿತ್ರೆಯನ್ನು ಬರೆದವರು ವಿರಳ. ಅವನು ತನ್ನ ಹೆಸರಿನಲ್ಲಿ ಶಾಸನವನ್ನು ನೆಡಿಸಲಿಲ್ಲ, ಗುಡಿಯನ್ನು ಕಟ್ಟಿಸಲಿಲ್ಲ. ಅವನ ಸುಳಿವು ಉಳಿದಿರುವುದು ಮುಖ್ಯವಾಗಿ ಅವನಿಂದ ತೆಗೆದುಕೊಂಡವರ ಲೆಕ್ಕದಲ್ಲಿ. ಸುಂಕದ ಕಟ್ಟೆಯ ಬಳಿ ನಿಂತು ನೋಡಿದರೆ ಮಾತ್ರ ಆತನು ಶತಮಾನದಿಂದ ಶತಮಾನಕ್ಕೆ ನಡೆದು ಬರುತ್ತಿರುವುದು ಕಾಣಿಸುತ್ತದೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ನಾಡಿಗೆ ಕೊಟ್ಟ ಅನುಭವವು ಇಂಥವನದೇ ಇರಬೇಕು. ಆನೆ ಕುದುರೆಗಳನ್ನು ಮಾರುವವನು ಸುಂಕದವನ ಮುಂದೆ ದುಃಖವನ್ನು ತೋಡಿಕೊಳ್ಳುವ ಪ್ರಸಂಗ ಕಡಮೆ.

ಮೊದಲು ಆತನ ಸಂವತ್ಸರವನ್ನು ನೋಡೋಣ. ಪಂಚಾಂಗದ ವರ್ಷವು ಚೈತ್ರದಲ್ಲಿ ಹುಟ್ಟಿದರೂ ಜಾತ್ರೆಯ ವ್ಯಾಪಾರಿಯ ವರ್ಷ ಹುಟ್ಟುವುದು ಕಾರ್ತಿಕದಲ್ಲಿ. ಕಾರ್ತಿಕದ ಕಡೆಯ ಸೋಮವಾರ ಬೆಂಗಳೂರು ಬಸವನಗುಡಿಯ ಕಡಲೆಕಾಯಿ ಪರಿಷೆ, ಮಾರ್ಗಶಿರ ಶುದ್ಧ ಷಷ್ಠಿಗೆ ಕುಕ್ಕೆ, ಪುಷ್ಯದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಪುಷ್ಯದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಮಾಘದ ಹುಣ್ಣಿಮೆಯ ಆಸುಪಾಸಿನಲ್ಲಿ ಸವದತ್ತಿಯ ಗುಡ್ಡ ಮತ್ತು ಮೈಲಾರ, ಶಿವರಾತ್ರಿಯಲ್ಲಿ ಸಿದ್ಧಗಂಗೆ, ಫಾಲ್ಗುಣದಲ್ಲಿ ಮೇಲುಕೋಟೆ, ನಂಜನಗೂಡು, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆ. ಇವೆಲ್ಲವನ್ನೂ ಒಬ್ಬನೇ ಸುತ್ತಿದನೆಂದಲ್ಲ. ಆಯಾ ಸೀಮೆಯವನು ತನ್ನ ಕಾಲು ಹೋಗುವಷ್ಟು ದೂರದ ಜಾತ್ರೆಗಳನ್ನು ಒಂದು ಸರವಾಗಿ ಪೋಣಿಸಿಕೊಳ್ಳುತ್ತಿದ್ದನು. ಈ ಕ್ರಮವು ಭಕ್ತಿಯ ಕ್ರಮವಾಗಿರುವಂತೆ ಬೆಳೆಯ ಕ್ರಮವೂ ಆಗಿದೆ. ಮಳೆಗಾಲದ ಪೈರು ಕಣಕ್ಕೆ ಬಂದು, ಒಕ್ಕಲಿಗನ ಮನೆಯಲ್ಲಿ ಕಾಳು ನಿಂತು, ಹಳ್ಳಗಳು ಇಳಿದು ದಾರಿ ಒಣಗಿದ ಮೇಲೆಯೇ ತೇರುಗಳು ಸಾಲಾಗಿ ಹೊರಡುತ್ತವೆ. ಆಷಾಢ ಶ್ರಾವಣಗಳು ವ್ಯಾಪಾರಿಗೆ ಸಾಲದ ತಿಂಗಳುಗಳು. ಆಗ ತಂದ ಸಾಲವನ್ನು ತೇರಿನ ತಿಂಗಳುಗಳಲ್ಲಿ ತೀರಿಸಬೇಕು. ಮಿಕ್ಕುದರಲ್ಲಿ ಮನೆ ನಡೆಯಬೇಕು. ಇಂಥ ಸಣ್ಣ ಗಳಿಕೆಯ ಮೇಲೆ ದಾರಿಯಲ್ಲಿ ಬೀಳುವ ಒಂದೊಂದು ಕಾಸೂ ದೊಡ್ಡ ಭಾರವೇ.

ಸುಂಕವೆಂಬುದು ಸಂಸ್ಕೃತದ ಶುಲ್ಕ ಶಬ್ದದ ತದ್ಭವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನಿಗಾಗಿಯೇ ಪ್ರತ್ಯೇಕ ಅಧ್ಯಾಯವುಂಟು. ನಗರದ ಮಹಾದ್ವಾರದ ಬಳಿಯಲ್ಲಿ ಶುಲ್ಕಶಾಲೆಯನ್ನು ನಿಲ್ಲಿಸಿ, ಬಂದ ಸಾರ್ಥದವರು ಯಾರು, ಎಲ್ಲಿಂದ ಬಂದರು, ಎಷ್ಟು ಸರಕು ತಂದರು ಎಂಬುದನ್ನು ಬರೆದುಕೊಳ್ಳಬೇಕೆಂದು ಅಲ್ಲಿ ವಿಧಿಯಿದೆ. ವಿವಾಹ, ಯಜ್ಞ, ದೇವಪೂಜೆ ಮೊದಲಾದುವಕ್ಕಾಗಿ ಒಯ್ಯುವ ಪದಾರ್ಥಗಳಿಗೆ ಶುಲ್ಕವಿಲ್ಲವೆಂದೂ ಹೇಳಿದೆ. ವಿನಾಯಿತಿಯು ಪದಾರ್ಥದ ಉದ್ದೇಶವನ್ನು ನೋಡಿ ಕೊಟ್ಟದ್ದು. ಹೊತ್ತವನ ಬಡತನವನ್ನು ನೋಡಿ ಕೊಟ್ಟದ್ದಲ್ಲ. ದೇವರ ತೇರಿಗೆ ಒಯ್ಯುವ ಹೂವಿಗೆ ಮನ್ನಣೆಯುಂಟು. ತೇರಿನ ಬೀದಿಯಲ್ಲಿ ಹೂವನ್ನು ಮಾರಿ ಹೊಟ್ಟೆ ಹೊರೆಯುವವನಿಗೆ ಆ ಮನ್ನಣೆ ಸಲ್ಲುವುದೇ ಎಂಬ ಪ್ರಶ್ನೆ ಅಂದಿನಿಂದಲೂ ಉಳಿದುಕೊಂಡಿದೆ.

ಕನ್ನಡನಾಡಿನಲ್ಲಿ ವ್ಯಾಪಾರಿಗಳ ಸಂಘಗಳು ಪ್ರಬಲವಾಗಿದ್ದುವು. ಅಯ್ಯಾವೊಳೆ, ಎಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ, ಐನೂರ್ವರ ಮೂಲಸ್ಥಾನವೆಂದು ಪ್ರಸಿದ್ಧವಾಗಿದೆ. ಶೈವ, ವೈಷ್ಣವ, ಜೈನರೆಂಬ ಭೇದವಿಲ್ಲದೆ ನಾನಾದೇಶಿಗಳೆಲ್ಲರೂ ಆ ಸಂಘದಲ್ಲಿದ್ದರು. ಶಿಕಾರಿಪುರ ಸೀಮೆಯ ೧೧ನೆಯ ಶತಮಾನದ ಒಂದು ಶಾಸನವು ಇವರನ್ನು ಬಹುವಾಗಿ ವರ್ಣಿಸುತ್ತದೆ. ನೆಲದಾರಿ ಜಲದಾರಿಗಳಲ್ಲಿ ಸಂಚರಿಸಿ ಇವರು ಆನೆ, ಕುದುರೆ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಚಂದನ, ಕರ್ಪೂರ, ಕಸ್ತೂರಿಗಳನ್ನು ತರುತ್ತಿದ್ದರಂತೆ. ಅವನ್ನು ಒಟ್ಟಾಗಿಯೂ ಮಾರುತ್ತಿದ್ದರಂತೆ, ಹೆಗಲ ಮೇಲೆ ಹೊತ್ತೂ ಮಾರುತ್ತಿದ್ದರಂತೆ. ಇಷ್ಟು ಭವ್ಯವಾದ ಪ್ರಶಸ್ತಿಯ ನಡುವೆ ಹೆಗಲ ಮೇಲಿನ ಹೊರೆಗೂ ಒಂದು ಸ್ಥಾನ ದೊರೆತಿರುವುದು ಗಮನಾರ್ಹವಾದ ಸಂಗತಿ. ದೂರದೇಶದ ಸರಕು ಕೊನೆಯ ಹರದಾರಿಯನ್ನು ಯಾವನೋ ಒಬ್ಬನ ಹೆಗಲ ಮೇಲೆಯೇ ಕ್ರಮಿಸಿ ಹಳ್ಳಿಯ ಮನೆಯನ್ನು ಸೇರಬೇಕಾಗಿತ್ತು.

ಆ ಕಾಲದ ಶಾಸನಗಳಲ್ಲಿ ಸುಂಕಗಳ ಹೆಸರುಗಳು ಅನೇಕ. ಹಿರಿದಾದ ಸುಂಕವು ಪೆರ್ಜುಂಕ. ಹೊಸಗನ್ನಡದ ದಾರಿಯಲ್ಲಿ ಅದು ಹೆಜ್ಜುಂಕವಾಯಿತು. ವಡ್ಡರಾವುಳ, ಬಿಲ್ಕೊಡೆ ಮುಂತಾದುವು ಅದರ ಜೊತೆಯವು. ಸಣ್ಣಪುಟ್ಟ ತೆರಿಗೆಗಳಿಗೆ ‘ಕಿರುಕುಳ’ವೆಂದು ಹೆಸರು. ಅದೇ ಶಬ್ದವು ಇಂದಿನ ಕನ್ನಡದಲ್ಲಿ ಬಿಡದೆ ಕೊಡುವ ಪೀಡೆಯೆಂಬ ಅರ್ಥದಲ್ಲಿ ಬಳಕೆಯಾಗುತ್ತಿರುವುದನ್ನು ಭಾಷಾಭ್ಯಾಸಿಗಳು ಗಮನಿಸಬಹುದು. ಆದರೆ ಅಂದಿನ ವ್ಯವಸ್ಥೆಯಲ್ಲಿ ಪೀಡೆಯೊಂದೇ ಇತ್ತೆಂದು ಹೇಳುವುದು ನ್ಯಾಯವಲ್ಲ. ಹೊಸದಾಗಿ ಸಂತೆ ಕಟ್ಟಿಸಿದ ಪಟ್ಟಣಸ್ವಾಮಿಗೆ ಮಾನ್ಯವನ್ನು ಕೊಡುವುದೂ, ಬಂದು ನೆಲಸುವ ವ್ಯಾಪಾರಿಗಳಿಗೆ ಕೆಲವು ಕಾಲ ಸುಂಕ ಬಿಡುವುದೂ ರೂಢಿಯಲ್ಲಿತ್ತು. ವ್ಯಾಪಾರಿಗಳು ತಾವಾಗಿಯೇ ಕೂಡಿ, ಒಂದು ಹೇರಿಗೆ ಇಷ್ಟು ಅಡಕೆ, ಒಂದು ಹೊರೆಗೆ ಇಷ್ಟು ಎಲೆ, ಒಂದು ಗಾಣಕ್ಕೆ ಇಷ್ಟು ಎಣ್ಣೆ ಎಂದು ದೇವರ ನಂದಾದೀವಿಗೆಗೂ ಪೂಜೆಗೂ ಆಯವನ್ನು ಬಿಟ್ಟುಕೊಟ್ಟುದಕ್ಕೂ ಶಾಸನಗಳು ಸಾಕ್ಷಿಯಾಗಿವೆ. ಹೀಗೆ ಗುಡಿಯ ದೀಪದ ಎಣ್ಣೆಯಲ್ಲಿ ಸಂತೆಯ ಎಣ್ಣೆಯೂ ಕೂಡಿತ್ತು.

೧೨ನೆಯ ಶತಮಾನದ ಶರಣರಲ್ಲಿ ಈ ವರ್ಗದವರಿಗೆ ಹೆಸರು ದೊರೆಯಿತು. ಎಲೆಗಾರ ಕಾಮಣ್ಣನ ಕಾಯಕವು ಅವನ ಹೆಸರಿನಲ್ಲಿಯೇ ಇದೆ. ಮೋಳಿಗೆಯ ಮಾರಯ್ಯನು ಸೌದೆ ಹೊತ್ತು ಮಾರಿದವನು. ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ ಬಂದ ಆದಯ್ಯನ ಕಥೆಯನ್ನು ಹರಿಹರನು ರಗಳೆಯಾಗಿ ಬರೆದಿದ್ದಾನೆ. ಹೊತ್ತು ಮಾರುವ ಕೆಲಸವೂ ಕಾಯಕವೆಂಬ ಗೌರವವನ್ನು ಪಡೆದದ್ದು ಆಗ.

ಇನ್ನು ವಿಜಯನಗರದ ಕಾಲ. ಹಂಪೆಯ ವಿರೂಪಾಕ್ಷ ದೇವಾಲಯದ ಮುಂದಿನ ಅಗಲವಾದ ಬೀದಿಯ ಎರಡು ಪಕ್ಕಗಳಲ್ಲಿಯೂ ಕಲ್ಲಿನ ಮಂಟಪಗಳ ಸಾಲು ಇಂದಿಗೂ ಉಳಿದಿದೆ. ತೇರು ಎಳೆಯುವ ಬೀದಿಯೂ ಸರಕು ಮಾರುವ ಬೀದಿಯೂ ಅಲ್ಲಿ ಒಂದೇ ಆಗಿತ್ತು. ಸುಮಾರು ೧೫೨೦ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ರತ್ನ ಮಾಣಿಕ್ಯಗಳ ಅಂಗಡಿಗಳನ್ನು ಬಣ್ಣಿಸಿದ ಬಳಿಕ, ಪ್ರತಿದಿನ ಸಂಜೆ ಕೂಡುವ ಸಂತೆಯನ್ನೂ ಹೇಳುತ್ತಾನೆ. ಅಲ್ಲಿ ಸಾಧಾರಣ ಕುದುರೆಗಳೂ ನಿಂಬೆ, ಕಿತ್ತಳೆ, ದ್ರಾಕ್ಷಿಗಳೂ ಮಾರಾಟಕ್ಕೆ ಬರುತ್ತಿದ್ದುವು. ಅವನ ತರುವಾಯ ಸುಮಾರು ೧೫೩೫ರಲ್ಲಿ ಬರೆದ ನೂನಿಜ್ ಸ್ವತಃ ಕುದುರೆ ವ್ಯಾಪಾರಿಯಾದುದರಿಂದ ಅವನ ಕಣ್ಣು ದ್ವಾರದ ಮೇಲೆ ಬಿದ್ದಿತು. ನಗರದ ಒಂದು ದ್ವಾರವನ್ನು ವರ್ಷಕ್ಕೆ ೧೨,೦೦೦ ಪರದಾವುಗಳಿಗೆ, ಎಂದರೆ ವರಹಗಳಿಗೆ, ಗುತ್ತಿಗೆ ಕೊಡಲಾಗಿತ್ತೆಂದೂ, ನಾಡಿನವನಾಗಲಿ ಪರದೇಶಿಯಾಗಲಿ ಗುತ್ತಿಗೆದಾರನು ಕೇಳಿದಷ್ಟು ಕೊಡದೆ ಒಳಗೆ ಹೋಗುವಂತಿರಲಿಲ್ಲವೆಂದೂ ಆತನು ಬರೆದಿದ್ದಾನೆ. ದಿನಕ್ಕೆ ೨,೦೦೦ ಹೇರೆತ್ತುಗಳು ಬರುತ್ತಿದ್ದುವಂತೆ; ಒಂದೊಂದಕ್ಕೆ ಮೂರು ಸಣ್ಣ ನಾಣ್ಯ ಸುಂಕ. ಕೊಂಬಿಲ್ಲದ ಬೋಳೆತ್ತಿಗೆ ಮಾತ್ರ ರಾಜ್ಯದಲ್ಲೆಲ್ಲಿಯೂ ಸುಂಕವಿರಲಿಲ್ಲವಂತೆ. ಬೋಳೆತ್ತಿಗಿದ್ದ ಈ ಭಾಗ್ಯವು ಅದನ್ನು ಹೊಡೆದುಕೊಂಡು ಬರುವ ಬೋಳು ಕೈಯವನಿಗೆ ಇದ್ದಂತೆ ನೂನಿಜನು ಹೇಳುವುದಿಲ್ಲ.

ಇಲ್ಲಿ ಮುಖ್ಯವಾದುದು ಗುತ್ತಿಗೆಯ ಮಾತು. ಅರಸನು ಸುಂಕದ ದರವನ್ನು ಕಟ್ಟಬಹುದು; ಆದರೆ ವಸೂಲಿಯ ಹಕ್ಕನ್ನು ಒಟ್ಟು ಮೊತ್ತಕ್ಕೆ ಕೊಂಡವನು ತನ್ನ ಮೊತ್ತವನ್ನೂ ಅದರ ಮೇಲಿನ ಲಾಭವನ್ನೂ ದಾರಿಹೋಕರಿಂದಲೇ ಎತ್ತಬೇಕು. ಬಲವುಳ್ಳ ಸಾರ್ಥದವರು ವಾದಿಸಿ ಕಡಮೆ ಮಾಡಿಸಿಕೊಳ್ಳುತ್ತಾರೆ. ಒಂಟಿಯಾಗಿ ಗಂಟು ಹೊತ್ತು ಬಂದವನ ಹಿಂದೆ ಐನೂರ್ವರಿಲ್ಲ. ಆದುದರಿಂದ ಕೊರತೆಯು ಅವನ ಮೇಲೆಯೇ ಬೀಳುತ್ತದೆ.

ಅದೇ ಶತಮಾನದ ಪುರಂದರದಾಸರು ಪೂರ್ವಾಶ್ರಮದಲ್ಲಿ ವರ್ತಕರಾಗಿದ್ದರೆಂಬುದು ಸಂಪ್ರದಾಯ. ಅವರು ಹರಿನಾಮವನ್ನು ಕಲ್ಲುಸಕ್ಕರೆಗೆ ಹೋಲಿಸಿ, ಮಾರುವವನ ಕೂಗಿನ ಧಾಟಿಯಲ್ಲಿ ಒಂದು ಕೀರ್ತನೆಯನ್ನು ರಚಿಸಿದ್ದಾರೆ. ಈ ಸರಕನ್ನು ಎತ್ತಿನ ಮೇಲೆ ಹೇರಬೇಕಾಗಿಲ್ಲ, ಇದಕ್ಕೆ ಬಾಡಿಗೆ ಸುಂಕಗಳಿಲ್ಲ, ಸಂತೆ ಸಂತೆಗೆ ತಿರುಗಿ ದಣಿಯಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. ಭಕ್ತರಿಗೆ ಇದು ನಾಮಮಹಿಮೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ, ಯಾವ ಯಾವುದು ಇಲ್ಲವೆಂದು ಹೇಳಲಾಗಿದೆಯೋ ಅವೆಲ್ಲವೂ ಅಂದಿನ ವ್ಯಾಪಾರಿಯ ನಿತ್ಯದ ಕಷ್ಟಗಳ ಪಟ್ಟಿಯೇ ಆಗಿದೆ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ, ೧೮೦೦–೦೧ರಲ್ಲಿ ಫ್ರಾನ್ಸಿಸ್ ಬುಕನನ್ ಮೈಸೂರು, ಕನ್ನಡ ಮತ್ತು ಮಲಬಾರ್ ಸೀಮೆಗಳಲ್ಲಿ ಸಂಚರಿಸಿ, ಗುಬ್ಬಿ ಮುಂತಾದ ಸಂತೆಯೂರುಗಳ ವ್ಯಾಪಾರವನ್ನು ಬರೆದಿಟ್ಟನು. ಆಗ ಸರಕು ಸಾಗುತ್ತಿದ್ದುದು ಬಹುಮಟ್ಟಿಗೆ ಹೇರೆತ್ತುಗಳ ಮೇಲೆ. ೧೭೯೧–೯೨ರ ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯವನ್ನು ಒದಗಿಸಿದವರು ಲಂಬಾಣಿಗಳೇ. ದಾರಿಯ ಸುಂಕಗಳ ಅವ್ಯವಸ್ಥೆ ಎಷ್ಟಿತ್ತೆಂಬುದು ಮೈಸೂರಿನಲ್ಲಿ ೧೮೩೪ರಿಂದ ೧೮೬೧ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನನ ಕಾಲದ ಒಂದು ಅಂಕೆಯಿಂದ ತಿಳಿಯುತ್ತದೆ: ಅವನು ತೆಗೆದುಹಾಕಿದ ಚಿಲ್ಲರೆ ತೆರಿಗೆಗಳು ೭೬೯. ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ. ನಗರ ಸೀಮೆಯ ಒಂದು ಸ್ಥಳದಲ್ಲಿ ಕೈಗಳನ್ನು ಮೈಗೆ ಒತ್ತಿ ಹಿಡಿಯದೆ ನಡೆದವನಿಗೆ ತೆರಿಗೆ ಎಂದು, ಆಮೇಲೆ ಕಮಿಷನರ್ ಆದ ಬೌರಿಂಗನು ಬರೆದಿದ್ದಾನೆ. ಹೆಗಲ ಮೇಲಿನ ಗಂಟನ್ನು ಕೈಯಲ್ಲಿ ಹಿಡಿದವನು ಆ ಸ್ಥಳವನ್ನು ಹೇಗೆ ದಾಟಿರಬೇಕೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಬ್ರಿಟಿಷ್ ಪ್ರಾಂತಗಳಲ್ಲಿಯೂ ಒಳನಾಡಿನ ಸುಂಕಗಳು ರದ್ದಾದುವು: ಮುಂಬಯಿಯಲ್ಲಿ ೧೮೩೮ರಲ್ಲಿ, ಮದರಾಸಿನಲ್ಲಿ ೧೮೪೪ರಲ್ಲಿ. ಕಟ್ಟೆ ಹೋಯಿತು; ವ್ಯಾಪಾರಿ ಸುಖಿಯಾದನೆಂದು ಭಾವಿಸಬೇಕಷ್ಟೆ. ಆದರೆ ನಡೆದದ್ದು ಬೇರೆ. ೧೮೬೪ರಲ್ಲಿ ಬೆಂಗಳೂರಿಗೆ ರೈಲು ಬಂದಿತು. ರೈಲು ಹಬ್ಬಿದಂತೆಲ್ಲ ಹೇರೆತ್ತಿನವರ ಕೆಲಸ ತಪ್ಪಿತು. ಮದರಾಸು ಪ್ರಾಂತದಲ್ಲಿ ಸರಕಾರವು ೧೮೦೫ರಿಂದ ಉಪ್ಪನ್ನು ತನ್ನ ಏಕಸ್ವಾಮ್ಯವಾಗಿ ಮಾಡಿಕೊಂಡಿತ್ತು. ಕರಾವಳಿಯ ಉಪ್ಪನ್ನು ಎತ್ತು ಕತ್ತೆಗಳ ಮೇಲೆ ಒಳನಾಡಿಗೆ ತಂದು ಕಾಳಿಗೆ ಬದಲು ಮಾಡುತ್ತಿದ್ದ ಕೊರವರು, ಕನ್ನಡಸೀಮೆಯ ಕೊರಚ ಕೊರಮರ ಬಂಧುಗಳು, ಈ ಎರಡು ಹೊಡೆತಗಳಿಂದ ಜೀವನವನ್ನು ಕಳೆದುಕೊಂಡರು. ಬಳಿಕ ಅವರ ತಿರುಗಾಟವೇ ಅಪರಾಧವೆನಿಸಿತು. ೧೯೧೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಂತೆ ಅವರ ಹೆಸರುಗಳು ಪೊಲೀಸಿನ ದಾಖಲೆಗೆ ಸೇರಿದುವು. ಆ ಕಾಯಿದೆಯ ಕಟ್ಟಿನಿಂದ ಅವರು ಬಿಡುಗಡೆಯಾದುದು ೧೯೫೨ರಲ್ಲಿ. ಉಪ್ಪು ತಂದವನನ್ನು ಕಳ್ಳನೆಂದು ಬರೆದುಕೊಂಡ ಈ ಅಧ್ಯಾಯಕ್ಕೆ ಸಮನಾದ ಅನ್ಯಾಯವು ಹಳೆಯ ಸುಂಕದ ಕಟ್ಟೆಗಳ ಚರಿತ್ರೆಯಲ್ಲಿಯೂ ಕಾಣದು.

ರೈಲು ಮುಟ್ಟದ ಕಡೆಗೆ ಮಾತ್ರ ಹೆಗಲಿನವನು ನಡೆಯುತ್ತಲೇ ಇದ್ದನು. ಅವನ ಬಂಡವಾಳವು ಗಂಟಿನಲ್ಲಿದ್ದುದಕ್ಕಿಂತ ಜನರ ನಂಬಿಕೆಯಲ್ಲಿ ಹೆಚ್ಚಾಗಿತ್ತು. ಬಳೆಗಾರನು ಮಲಾರವನ್ನು ಜಗುಲಿಯ ಮೇಲಿಳಿಸಿ ಮನೆಯ ಹೆಣ್ಣುಮಕ್ಕಳ ಕೈ ಹಿಡಿದು ಬಳೆ ತೊಡಿಸುವನು. ಹಣವನ್ನು ಸುಗ್ಗಿಯಲ್ಲಿ ಕಾಳಾಗಿ ಪಡೆಯುವನು. ತವರಿನ ಸುದ್ದಿಯನ್ನು ಅತ್ತೆಯ ಮನೆಗೂ ಅಲ್ಲಿನ ಕುಶಲವನ್ನು ತವರಿಗೂ ಮುಟ್ಟಿಸುವನು. ಅವನ ಜಾತಿ ಮತಗಳನ್ನು ಮನೆಯವರು ಬಲ್ಲರು. ಬಲ್ಲವರೇ ಕೈ ನೀಡುತ್ತಿದ್ದರು.

ಇಂದು ಹಳೆಯ ಸುಂಕದ ಕಟ್ಟೆಗಳಿಲ್ಲ, ಗುತ್ತಿಗೆ ಉಳಿದಿದೆ. ಸಂತೆಯ ಸುಂಕವನ್ನೂ ಜಾತ್ರೆಯ ನೆಲಬಾಡಿಗೆಯನ್ನೂ ಹರಾಜು ಹಾಕುವ ಪದ್ಧತಿ ನಾಡಿನಲ್ಲಿ ನಡೆದಿದೆ. ನೂನಿಜನು ಕಂಡ ನ್ಯಾಯವೇ ಅಲ್ಲಿಯೂ ನಡೆಯುವ ಅಪಾಯವುಂಟು. ೨೦೧೪ರಲ್ಲಿ ಕೇಂದ್ರವು ಬೀದಿ ವ್ಯಾಪಾರಿಗಳ ರಕ್ಷಣೆಗಾಗಿ ಕಾಯಿದೆಯನ್ನು ಮಾಡಿ, ಪಟ್ಟಣದ ಸಮಿತಿಗಳಲ್ಲಿ ನೂರಕ್ಕೆ ೪೦ಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕೆಂದು ವಿಧಿಸಿತು. ಅದು ಶ್ಲಾಘ್ಯವೇ, ಆದರೆ ಅದು ನಗರಗಳ ವ್ಯಾಪಾರಿಗಳನ್ನು ಕುರಿತದ್ದು. ಹಳ್ಳಿಯ ತೇರಿನಲ್ಲಿ ಮೂರು ದಿನ ಚಾಪೆ ಹಾಸುವವನು ಅದರ ನೆರಳಿನಿಂದ ಹೊರಗೆ ಉಳಿದನು. ೨೦೨೨ರಲ್ಲಿ ಕರಾವಳಿ ಮೊದಲಾದೆಡೆಗಳ ಕೆಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳು ಅಂಗಡಿಯಿಡಬಾರದೆಂಬ ಫಲಕಗಳು ಕಂಡುಬಂದುವು. ಧಾರ್ಮಿಕ ದತ್ತಿ ಕಾಯಿದೆಯ ೨೦೦೨ರ ನಿಯಮವನ್ನು ಆಧಾರವಾಗಿ ತೋರಿಸಲಾಯಿತು. ಅದೇ ಕರಾವಳಿಯ ವಿಜಯನಗರಕಾಲದ ಶಾಸನಗಳು ಹಂಜಮಾನರೆಂಬ ಮುಸಲ್ಮಾನ ವರ್ತಕರ ಸಮೂಹಗಳನ್ನು ಹೇಳುತ್ತವೆ. ಆ ಕಾಲದ ಸುಂಕದವನು ಹೊರೆಯಲ್ಲೇನಿದೆಯೆಂದು ಕೇಳಿದನು. ಹೊತ್ತವನು ಯಾವ ದೇವರಿಗೆ ಕೈಮುಗಿಯುವನೆಂದು ಕೇಳಿದುದು ಆ ಶಾಸನಗಳಲ್ಲಿ ಕಾಣುವುದಿಲ್ಲ.

ಜಾತ್ರೆಯೆಂದರೆ ಯಾತ್ರೆ. ದೇವರು ಗರ್ಭಗುಡಿಯನ್ನು ಬಿಟ್ಟು ಬೀದಿಗೆ ಬರುವ ದಿನವದು. ಆ ದಿನ ಬೀದಿಯಲ್ಲಿ ಕುಳಿತವನಿಂದ ಎಷ್ಟು ತೆಗೆದುಕೊಳ್ಳಬೇಕು, ಅವನಿಗೆ ಎಷ್ಟು ನೆಲ ಬಿಡಬೇಕು ಎಂಬುದನ್ನು ಜಾತ್ರೆಯ ಸಮಿತಿಗಳೂ ಗ್ರಾಮದ ಹಿರಿಯರೂ ಹರಾಜಿನ ಮೊತ್ತವನ್ನು ನೋಡಿ ನಿರ್ಣಯಿಸದೆ, ತೇರು ನಿಂತ ಮೇಲೆ ಅವನ ಗಂಟಿನಲ್ಲಿ ಉಳಿಯುವುದನ್ನು ನೋಡಿ ನಿರ್ಣಯಿಸುವುದು ಯುಕ್ತ. ಸಂತೆ ಕಟ್ಟಿದವನಿಗೆ ಮಾನ್ಯ, ಬಂದವನಿಗೆ ಸುಂಕದ ಬಿಡುಗಡೆ ಎಂದು ಕಲ್ಲಿನಲ್ಲಿ ಬರೆಸಿದ ಹಿರಿಯರು ಇಷ್ಟನ್ನು ಅರಿತಿದ್ದರು. ಅವರ ಗುಡಿಗಳನ್ನು ಜೀರ್ಣೋದ್ಧಾರ ಮಾಡುವ ಊರುಗಳು ಅವರ ಈ ಧರ್ಮವನ್ನೂ ಉದ್ಧರಿಸಲು ತೊಡಗಬೇಕು.